ಬಸು, ಆ ಹಿಮದ ಗಾಡಿ ಈ ವರ್ಷ ಬ್ಯಾಡ

ಚಿರಂಜೀವಿ ಬಸುಗೆ ಬೆಳಗಾವಿಯಿಂದ ನಿಮ್ಮ ಕಾಕಾನ ಆಶೀರ್ವಾದಗಳು.

ನಾವೆಲ್ಲಾ ಆರಾಮ ಅದೀವಿ. ಸ್ನೋಮೊಬೈಲ್, ಅಂದ್ರ ಹಿಮದ ಮ್ಯಾಲ ಓಡೋ ಗಾಡಿ, ಅದೂ ಟರ್ಬೋದ್ದು, ಈಗಲೇ ಆರ್ಡರ್ ಮಾಡ್ತೀನಿ ಅಂತ ಕೆನಡಾದ ಕ್ಯಾಲ್ಗರಿಯಿಂದ ನೀ ಕಳಿಸಿದ ಮೆಸೇಜು, ಅದರ ಹಿಂದಿಂದ ಬಂದ ಬ್ರೋಶರ್, ವಿಡಿಯೋ ಎಲ್ಲಾ ನೋಡಿದೆ. ನಿಮ್ಮ ಕಾಕು ಹಣಿಕಿ ಹಾಕಿ ನೋಡಿ "ಇದೇನ್ರಿ, ಮೋಟಾರ್ ಸೈಕಲ್ಲಿಗೆ ಬುಲ್ಡೋಜರ್ ಪಟ್ಟಾ ಸುತ್ತಿದಂಗ ಐತಲ್ಲ" ಅಂದ್ಲು. ಫೋನ್‌ನಾಗ ಹೇಳಿದ್ರ ನೀ ಬರೇ ಹೂಂ ಹೂಂ ಅಂತಿ, ಅದಕ್ಕ ಕುಂತು ಟೈಪ್ ಮಾಡಾಕತ್ತೀನಿ, ತಪ್ಪಿದ್ರ ತಿದ್ಕೊಂಡು ಓದು.

ಮೊದಲ ನನ್ನ ಮಾತು ಹೇಳಿಬಿಡ್ತೀನಿ, ಕಾರಣ ಆಮ್ಯಾಲ. ಗಾಡಿ ತಗೋ, ಆದ್ರ ಈ ಮಾರ್ಚ್‌ನಾಗ ಬ್ಯಾಡ. ಇಂಜಿನ್ನಿಗೆ ಗಾಳಿ ಒತ್ತಿ ತುಂಬಿ ತಾಕತ್ತು ಹೆಚ್ಚಿಸೋ ಆ ಟರ್ಬೋ ಅಂತೂ ಬ್ಯಾಡೇ ಬ್ಯಾಡ. ಬರೋ ಚಳಿಗಾಲ ಪೂರಾ ಬಾಡಿಗಿ ಗಾಡಿ ಮ್ಯಾಲ ಕಲಿ, ಸೀಸನ್ ಮುಗಿಯೋ ಹೊತ್ತಿಗೆ ಅಂಗಡ್ಯಾಗ ಉಳಕೊಂಡ ಹೊಸಾ ಗಾಡಿ ಹುಡುಕು.

ನೀ ಇಷ್ಟ್ಯಾಕ ಗಡಿಬಿಡಿ ಮಾಡಾಕತ್ತಿ ಅಂದ್ರ ಡೀಲರ್ ಕೊನೇ ತಾರೀಖು ಹೇಳ್ಯಾನ. ಈ ಸ್ಪ್ರಿಂಗ್ ಆರ್ಡರ್ ಅನ್ನೋದು ಹೆಂಗ ಅಂದ್ರ ಮಾರ್ಚ್ ಏಪ್ರಿಲ್‌ನಾಗ ಡೆಪಾಸಿಟ್ ಕಟ್ಟಬೇಕು, ಬಣ್ಣ, ಪಟ್ಟಾದ ಉದ್ದ, ಸಸ್ಪೆನ್ಷನ್ ಎಲ್ಲಾ ಆರಿಸಬೇಕು, ಗಾಡಿ ಕೈಗೆ ಬರೋದು ಚಳಿಗಾಲದ ಮುಂಚೆ. ಕೆಲವು ಮಾಡಲ್ ಈ ಆರ್ಡರ್‌ನಾಗ ಮಾತ್ರ ಸಿಗ್ತಾವು, ವಾರಂಟಿ ಜಾಸ್ತಿ ಕೊಡೋ ಸ್ಕೀಮೂ ಬರ್ತಾವು, ಅದೇನ್ ಸುಳ್ಳಲ್ಲ. ಆದ್ರ ಅದರಿಂದ ಕಂಪನಿಗೆ ಎಷ್ಟು ಗಾಡಿ ಕಟ್ಟಬೇಕಂತ ಲೆಕ್ಕ ಸಿಗ್ತೈತಿ, ಡೀಲರ್‌ಗೆ ಮಾರಾಟ ಪಕ್ಕಾ ಆಗ್ತೈತಿ. ಹಿಮ ಬೀಳೂದಕ್ಕಿಂತ ಆರೇಳು ತಿಂಗಳ ಮೊದಲ ರೊಕ್ಕ ಕಟ್ಟಿ ಕುಂದರೋದು ನೀನ. ವರ್ಷಾ ವರ್ಷಾ ನೂರು ದಿನ ಗುಡ್ಡಾ ಹತ್ತೋರಿಗೆ, ನಂಗ ಇದೇ ಉದ್ದದ ಪಟ್ಟಾ ಬೇಕು, ಇದೇ ಶಾಕ್ ಬೇಕು ಅಂತ ಗೊತ್ತಿದ್ದೋರಿಗೆ ಅದು ಸರಿ. ನಿಂಗ ಇನ್ನೂ 154 ಇಂಚು ಬೇಕೋ 165 ಬೇಕೋ ಅದೇ ಗೊತ್ತಿಲ್ಲ. ಅದು ಬ್ರೋಶರ್ ಓದಿದ್ರ ತಿಳಿಯೂದಲ್ಲ ಬಿಡು, ಉದ್ದನ ಪಟ್ಟಾ ಮೆತ್ತನ ಹಿಮದಾಗ ಮುಳುಗೂದಿಲ್ಲ, ಗಿಡ್ಡ ಪಟ್ಟಾ ಲಗೂ ತಿರಗತೈತಿ, ನಿಂಗ ಯಾವುದು ಹೊಂದತೈತಿ ಅಂತ ಎರಡೂ ಓಡಿಸಿದ ಮ್ಯಾಲೇ ಗೊತ್ತಾಗೂದು.

ಈಗ ಇಂಜಿನ್ ಮಾತು. ಇದು ನನ್ನ ಏರಿಯಾ, ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೋ. ಉದ್ಯಮಬಾಗದ ಗ್ಯಾರೇಜ್‌ನಾಗ ಯೆಜ್ಡಿ, ಆರ್‌ಎಕ್ಸ್ 100 ಬಿಚ್ಚಿ ಬಿಚ್ಚಿ ಕೈಗೆ ಟೂ ಸ್ಟ್ರೋಕ್ ಆಯಿಲ್ ವಾಸನಿ ಹತ್ತಿಬಿಟ್ಟಿತ್ತು, ನಮ್ಮ ರೋಡಿನ ಮ್ಯಾಲ ಆ ಜಾತಿ ಗಾಡಿ ಮುಗದ ಹೋದ್ವು ಅನ್ಕೊಂಡಿದ್ದೆ, ನೋಡಿದ್ರ ನಿಮ್ಮ ಗುಡ್ಡದ ಗಾಡಿಗೆಲ್ಲಾ ಇನ್ನೂ ಟೂ ಸ್ಟ್ರೋಕ್! ಯಾಕಂದ್ರ ತೂಕ. ಮೆತ್ತನ ಹಿಮದಾಗ ಒಂದೊಂದು ಕಿಲೋನೂ ಲೆಕ್ಕಕ್ಕ ಬರತೈತಿ, ಫೋರ್ ಸ್ಟ್ರೋಕ್ ಹಾಕಿದ್ರ ಮೂತಿ ಭಾರ ಆಗಿ ಮುಳಗತೈತಿ. ನೀ ಕೇಳಿದ ಸ್ಕೀ-ಡೂ ಸಮ್ಮಿಟ್‌ನಾಗ ಇರೋದು ರೋಟಾಕ್ಸ್ 850 ಇಂಜಿನ್, 165 ಹಾರ್ಸ್‌ಪವರ್, ಟರ್ಬೋ ಆದ್ರ 180. ನಮ್ಮ ಆರ್‌ಎಕ್ಸ್ 100ಕ್ಕ ಇದ್ದದ್ದು 11. ಅಂಥಾ ಹದಿನೈದು ಗಾಡಿ ತಾಕತ್ತು ಕಾಲಾಗ ಇಟ್ಕೊಂಡು ಇಳಿಜಾರಿನ ಮ್ಯಾಲ ಹೋಗ್ತಿ ಅಂತ ನೆನಪಿರಲಿ.

ಮ್ಯಾಲ ಹತ್ತಿದಂಗ ಗಾಳಿ ತೆಳ್ಳಗಾಗ್ತೈತಿ, ಸಾದಾ ಇಂಜಿನ್ನಿಗೆ ಸುಮಾರು 300 ಮೀಟರಿಗೆ ಮೂರು ಪರ್ಸೆಂಟ್ ತಾಕತ್ತು ಹೋಗ್ತೈತಿ. 2000 ಮೀಟರ್ ಮ್ಯಾಲ ನಿಂತಾಗ 165 ಇದ್ದದ್ದು 130ರ ಆಸುಪಾಸು ಉಳೀತೈತಿ ಅನ್ಕೋ. ಟರ್ಬೋ ಅದನ್ನ ತುಂಬಿಕೊಡತೈತಿ, ಅದಕ್ಕೇ ಮಂದಿ ಹುಚ್ಚರಾಗ್ಯಾರ. ಆದ್ರ ಕಲಿಯೋ ಹುಡುಗಗ 130 ಕಮ್ಮಿ ಏನು? ಜಾಸ್ತಿ ಪವರ್ ಇದ್ದೋನು ಬ್ಯಾಲೆನ್ಸ್ ಕಲಿಯೂದಿಲ್ಲ, ಸಿಕ್ಕಾಕ್ಕೊಂಡಲ್ಲೆಲ್ಲಾ ಎಕ್ಸಲರೇಟರ್ ಒತ್ತಿ ಪಾರಾಗ್ತಾನ, ಹಂಗ ಮಾಡ್ಕೋತ ತನ್ನ ಅಳತಿ ಮೀರಿದ ಜಾಗಕ್ಕ ಹೋಗಿಬಿಡ್ತಾನ.

ಇನ್ನೊಂದು ನಂಗ ಭಾಳ ಸೇರಿದ್ದು, ಆ ಗಾಡಿಗೆ ನಮ್ಮ ಕಾರಿನಂಗ ಮುಂದ ಗಾಳಿ ಹೊಡಿಯೋ ರೇಡಿಯೇಟರ್ ಇಲ್ಲ, ಪಟ್ಟಾ ಎಬ್ಬಿಸಿದ ಹಿಮ ಅದರ ಮ್ಯಾಲಿನ ತಗಡಿನ ಮುಚ್ಚಳದಾಗ, ಟನಲ್ ಅಂತಾರ ಅದಕ್ಕ, ಇರೋ ಕೂಲರ್‌ಗೆ ಬಡಿದು ಇಂಜಿನ್ ತಣ್ಣಗಾಗ್ತೈತಿ. ಗಟ್ಟಿ ಐಸ್ ಮ್ಯಾಲ ಹಿಮ ಏಳದಿದ್ರ ಬಿಸಿ ಆಗ್ತೈತಿ, ಅದಕ್ಕ ಸ್ಕ್ರ್ಯಾಚರ್ ಅಂತ ಸಣ್ಣ ಕಡ್ಡಿ ಇಳಿಬಿಟ್ಟು ಐಸ್ ಕೆರೀತಾರ. ಬಾಡಿಗಿ ಗಾಡ್ಯಾಗ ಇದನ್ನೆಲ್ಲಾ ಕಲಿ. ಇಂಜಿನ್ ತಾಕತ್ತು ಪಟ್ಟಾಕ್ಕ ಮುಟ್ಟಿಸೋ ಡ್ರೈವ್ ಬೆಲ್ಟ್ ಬದಲಿ ಮಾಡೋದೂ ಕಲಿ, ಥಂಡ್ಯಾಗ, ಗ್ಲೌಸ್ ಹಾಕ್ಕೊಂಡು.

ರೊಕ್ಕದ ಲೆಕ್ಕ. ಟರ್ಬೋ ಅಂದ್ರ 20 ಸಾವಿರ ಕೆನಡಾ ಡಾಲರ್ ದಾಟತೈತಿ, ನಮ್ಮ ರೂಪಾಯ್ಯಾಗ 12 ಲಕ್ಷದ ಮ್ಯಾಲ. ಅದರ ಮ್ಯಾಲ ನಿಮ್ಮ ಪ್ರಾಂತ ಅಲ್ಬರ್ಟಾದಾಗ 5 ಪರ್ಸೆಂಟ್ ಜಿಎಸ್‌ಟಿ. ನಿನ್ನ ಕಡೆ ಇರೋದು ಸಣ್ಣ ಕಾರು, 200 ಕಿಲೋ ಮೀರಿದ ಗಾಡಿ ಒಯ್ಯಾಕ ಟ್ರೇಲರ್ ಬೇಕು, ಟ್ರೇಲರ್ ಎಳೆಯಾಕ ಬೇರೆ ಕಾರೇ ಬೇಕಾಗ್ತೈತಿ, ಇದನ್ನ ನೀ ಮೆಸೇಜ್‌ನಾಗ ಬರದೇ ಇಲ್ಲ, ಜಾಣ ಅದಿ. ಈ ಗಾಡಿ ಓಡಿಸೋ ಗುಡ್ಡದ ಊರು ಅಂದ್ರ ಕ್ಯಾಲ್ಗರಿಯಿಂದ ಗೋಲ್ಡನ್ 260 ಕಿಲೋಮೀಟರ್, ರೆವೆಲ್‌ಸ್ಟೋಕ್ 400ರ ಮ್ಯಾಲ, ಅಂದ್ರ ಹೋಟೆಲ್ ಖರ್ಚು ಬ್ಯಾರೆ. ಮೇ ದಿಂದ ನವೆಂಬರ್ ತನಕ ಗಾಡಿ ಸುಮ್ನ ನಿಲ್ಲತೈತಿ, ಇಲಿ ವೈರ್ ಕಡಿಯೂದು ಅಲ್ಲೂ ಐತಂತ. ಮುಂದಿನ ವರ್ಷ ಕಂಪನಿ ಟೊರಾಂಟೋಕ್ಕ ಕಳಿಸಬಹುದು ಅಂತ ದೀಪಾವಳ್ಯಾಗ ನೀನ ಹೇಳಿದ್ದಿ. ಅಲ್ಲಿ ಇಂಥಾ ಗುಡ್ಡ ಇಲ್ಲ, ಹೋದ್ರ ಈ ಗುಡ್ಡದ ಗಾಡಿ ಏನ್ ಮಾಡ್ತಿ, ಬಾಲ್ಕನ್ಯಾಗ ಇಟ್ಟು ಪೂಜಾ ಮಾಡ್ತಿ?

ಕಾದ್ರ ಏನ್ ಸಿಗ್ತೈತಿ ಅಂತ ಕೇಳ್ತಿ. 2023-24ರ ಚಳಿಗಾಲ ನೆನಪ್ ಮಾಡ್ಕೋ, ಹಿಮ ಕಮ್ಮಿ ಬಿತ್ತು, ಡೀಲರ್‌ಗಳ ಹತ್ರ ಗಾಡಿ ಉಳದ್ವು, ಆಮ್ಯಾಲ ಡಿಸ್ಕೌಂಟ್ ಮ್ಯಾಲ ಡಿಸ್ಕೌಂಟ್. ಎಲ್ಲಾ ವರ್ಷ ಹಂಗ ಆಗೂದಿಲ್ಲ, ಆದ್ರ ಹಿಂದಿನ ವರ್ಷದ ಮಾಡಲ್ಲು, ಒಂದು ಕಿಲೋಮೀಟರೂ ಓಡದ್ದು, ಮೂಲ್ಯಾಗ ನಿಂತದ್ದು ಹುಡುಕಿದ್ರ ಸಿಗತೈತಿ. ಎಷ್ಟೋ ಸಲ ಹೊಸಾ ವರ್ಷದ ಮಾಡಲ್ ಅಂದ್ರ ಸ್ಟಿಕ್ಕರ್ ಬದಲಿ ಅಷ್ಟೇ. ಆದ್ರ ಕಂಪನಿ ನೋಡಿ ತಗೋ. ಯಮಹಾದವರು ಸ್ನೋಮೊಬೈಲ್ ಬಿಡ್ತೀವಿ ಅಂತ 2023ರಾಗ ಹೇಳಿ, ನಿಮ್ಮ ಕಡೆ 2025ರ ಮಾಡಲ್ಲಿಗೆ ನಿಲ್ಲಿಸಿದ್ರು. ಆರ್ಕ್ಟಿಕ್ ಕ್ಯಾಟ್ ಅನ್ನೋ ಇನ್ನೊಂದು ಕಂಪನಿನ ಅದರ ಮಾಲಕರು ಟೆಕ್ಸ್‌ಟ್ರಾನ್‌ನವರು 2025ರಾಗ ಮಾರಿಬಿಟ್ರು. ಅಗ್ಗ ಸಿಗ್ತು ಅಂತ ಬೀಳಬ್ಯಾಡ, ಪಾರ್ಟ್ಸ್ ಇಡೋ ಡೀಲರ್ ನಿನ್ನ ಊರಾಗ ಅದಾನೋ ಇಲ್ಲೋ ಮೊದಲ ನೋಡು.

ಸೆಕೆಂಡ್ ಹ್ಯಾಂಡ್ ನೋಡೋದಾದ್ರ ಮೀಟರ್ ನೋಡಿ ಮರುಳಾಗಬ್ಯಾಡ. ಎರಡೂ ಸಿಲಿಂಡರ್ ಕಂಪ್ರೆಷನ್ ಹೆಚ್ಚುಕಮ್ಮಿ ಒಂದೇ ಇರಬೇಕು, ಫರಕ್ ಇದ್ರ ಎದ್ದು ಬಾ. ಹೋಗೂ ಮೊದಲ ಇಂಜಿನ್ ಬಿಸಿ ಮಾಡಿಟ್ಟಿದ್ರ ಅದೂ ಸಂಶಯ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸು. ಟನಲ್ ತಗಡಿನ ಮ್ಯಾಲ ಬೆರಳಾಡಿಸು, ಸುಕ್ಕು ಹತ್ತಿದ್ರ ಎಲ್ಲೋ ಎತ್ತರದಿಂದ ಹಾರಿಸ್ಯಾರ ಅಂತ ಅರ್ಥ. ಪಟ್ಟಾದ ಹಲ್ಲು ಹರಿದಾವೇನು, ಮುಂದಿನ ಸ್ಕೀ ಹಿಡಿಯೋ ಎ-ಆರ್ಮ್ ಕುಂದ್ರೋ ಜಾಗ ಬಾಗೈತೇನು, ಅದರ ಮ್ಯಾಲ ಲೋನ್ ಐತೇನು, ಇಷ್ಟು ನೋಡು. ವಿಡಿಯೋ ಕಾಲ್ ಮಾಡು, ನಾನೂ ನೋಡ್ತೀನಿ.

ಈಗ ಖರೇ ಮಾತಿಗೆ ಬರ್ತೀನಿ, ಯಾಕಂದ್ರ ಇದನ್ನ ನಿನ್ನ ಇಡೀ ಮೆಸೇಜ್‌ನಾಗ ಒಂದು ಸಾಲೂ ನೋಡಲಿಲ್ಲ. ಹಿಮಕುಸಿತ. ನಿಮ್ಮವ್ವಗ ನಾ ಇನ್ನೂ ಹೇಳಿಲ್ಲ. ರೆವೆಲ್‌ಸ್ಟೋಕ್ ಹತ್ರ ಬೋಲ್ಡರ್ ಮೌಂಟನ್ ಮ್ಯಾಲ 2010ರ ಮಾರ್ಚ್ 13ಕ್ಕ ಸ್ನೋಮೊಬೈಲ್ ಮಂದಿ ಸೇರಿದ್ದಾಗ ಗುಡ್ಡದ ಹಿಮಾನ ಕುಸಿದು ಬಂತು, ಇಬ್ಬರು ಹೋದ್ರು, ಭಾಳ ಮಂದಿಗೆ ಪೆಟ್ಟಾತು. ಕಾಲಿಲೆ ಗುಡ್ಡಾ ಹತ್ತಿ ಸ್ಕೀ ಮಾಡೋನು ಒಂದು ದಿನಕ್ಕ ಎರಡು ಮೂರು ಇಳಿಜಾರು ತುಳಿದ್ರ ಹೆಚ್ಚು, ನೀ ಗಾಡಿ ಮ್ಯಾಲ ಒಂದು ತಾಸಿನ್ಯಾಗ ಅಷ್ಟು ತುಳೀತಿ. ಹಿಮದಾಗ ಹೂತೋನನ್ನ ಹತ್ತು ಹದಿನೈದು ನಿಮಿಷದಾಗ ತೆಗೀಬೇಕು, ಮುಂದ ಉಸಿರು ಸಿಗೂದು ಕಷ್ಟ. ಅಂದ್ರ ಹೆಲಿಕಾಪ್ಟರ್ ಬರೂದರೊಳಗ ಎಲ್ಲಾ ಮುಗದಿರತೈತಿ, ತೆಗಿಯೋರು ನಿನ್ನ ದೋಸ್ತರ.

ಅದಕ್ಕ ಟರ್ಬೋಕ್ಕ ಇಟ್ಟ ರೊಕ್ಕದಾಗ ಮೊದಲ ಹೂತೋರನ್ನ ಸಿಗ್ನಲ್ಲಿನಿಂದ ಹುಡುಕೋ ಟ್ರಾನ್ಸ್‌ಸೀವರ್, ಹಿಮದಾಗ ಚುಚ್ಚಿ ನೋಡೋ ಉದ್ದನ ಕಡ್ಡಿ ಪ್ರೋಬ್, ಸಲಿಕಿ ತಗೋ, ಸಾಧ್ಯ ಆದ್ರ ಹಿಮ ಕುಸಿದಾಗ ಉಬ್ಬಿ ಮ್ಯಾಲ ಇಡೋ ಏರ್‌ಬ್ಯಾಗ್ ಚೀಲಾನೂ ತಗೋ. ಸಲಿಕಿ, ಪ್ರೋಬ್ ಬೆನ್ನಿಗೆ ಇರಬೇಕು, ಗಾಡಿಗೆ ಕಟ್ಟಬಾರದು. ದೋಸ್ತ ಹೂತಾಗ ನಿನ್ನ ಗಾಡಿ ಎಲ್ಲಿರತೈತೋ, ಅದೂ ಹಿಮದಾಗ ಹೋಗಿದ್ರ ಕೈಲೆ ಕೆದರ್ತಿ ಏನು? ಟ್ರಾನ್ಸ್‌ಸೀವರ್ ಎದಿ ಮ್ಯಾಲ, ಫೋನ್ ಅದರಿಂದ ದೂರ, ಯಾಕಂದ್ರ ಸಿಗ್ನಲ್ಲಿಗೆ ಅಡ್ಡ ಬರತೈತಿ. ಒಂದು ಇಳಿಜಾರಿನ ಮ್ಯಾಲ ಒಂದs ಗಾಡಿ. ಮ್ಯಾಲ ದೋಸ್ತ ಸಿಕ್ಕಾಕ್ಕೊಂಡ ಅಂತ ಇನ್ನೊಬ್ಬ ಸಹಾಯಕ್ಕ ಹೋಗ್ತಾನ ನೋಡು, ಆ ಎರಡನೇ ಗಾಡಿ ಭಾರಕ್ಕ, ಸದ್ದಿಗಲ್ಲ, ಭಾರಕ್ಕ, ಹಿಮದ ಪದರು ಒಡೀಬಹುದು, ಇಬ್ಬರೂ ಹೋಗ್ತಾರ. ಅಂವ ತಾನ ತೋಡ್ಕೊಂಡು ಬರಲಿ, ನೀ ಬದಿಗೆ ಸುರಕ್ಷಿತ ಜಾಗದಾಗ ನಿಂತು ಅವನ ಮ್ಯಾಲ ಕಣ್ಣಿಡು. ಇಷ್ಟೊತ್ತು ಆ ದೋಸ್ತರ ಬಗ್ಗೆ ಕೇಳಬೇಕಂತ ಇದ್ದೆ, ಅವರಿಗೆ ಹೂತೋನನ್ನ ಹುಡುಕೂದು ಬರತೈತೇನು? ಗಾಡಿ ಎಂಥಾದಿದ್ರೂ ನಿನ್ನ ಜೀವ ಅವರ ಕೈಯಾಗ.

ಎವಲಾಂಚ್ ಕೆನಡಾದವರು ರೆವೆಲ್‌ಸ್ಟೋಕ್‌ನ್ಯಾಗ ಅದಾರ, ಸೀಸನ್‌ನಾಗ ಅವರ ಹಿಮಕುಸಿತದ ಮುನ್ಸೂಚನೆ ದಿನಾ ಬರತೈತಿ, ಅಪಾಯಕ್ಕ ಐದು ಹಂತ. ಮೂರನೇದು "ಕನ್ಸಿಡರಬಲ್" ಅಂತ ಇದ್ದಾಗ ಮಂದಿ ಮಧ್ಯದ್ದು ಅಷ್ಟೇ ಅಂತ ಹಗುರ ತಗೋತಾರ, ಅದನ್ನ ಹಗುರ ತಗೋಬ್ಯಾಡ. ಹಿಮಕುಸಿತದ ಬಗ್ಗೆ ಕಲಿಸೋ ಎಎಸ್‌ಟಿ 1 ಕೋರ್ಸ್ ಎರಡು ದಿನದ್ದು, ಸ್ನೋಮೊಬೈಲ್ ಮಂದಿಗಂತನ ಬ್ಯಾರೆ ನಡಸ್ತಾರ, ಅದಕ್ಕ ಹೋಗು, ದೋಸ್ತರನ್ನೂ ಎಳಕೊಂಡು ಹೋಗು.

ಒಂದು ವಿನಾಯಿತಿ. ಏಪ್ರಿಲ್‌ನಾಗ ಟರ್ಬೋ ಇಲ್ಲದ 850, ಹಿಂದಿನ ವರ್ಷದ್ದು, ಹೊಸಾದು, ಲೋನ್ ಇಲ್ಲದ ತಗೊಳ್ಳೋ ರೇಟಿಗೆ ಸಿಕ್ಕು, ಟೊರಾಂಟೋ ಮಾತು ರದ್ದಾಗಿದ್ರ ನಂಗ ಕೇಳಬ್ಯಾಡ, ತಗೋ.

ಡೆಪಾಸಿಟ್ ಕಟ್ಟಿಯೋ ಇಲ್ಲೋ ಅಂತ ನೀ ಸ್ಪಷ್ಟ ಬರದಿಲ್ಲ. ಕಟ್ಟಿದ್ರ ನಾಳೆ ಅಂಗಡಿ ತೆಗದ ಕೂಡ್ಲೇ ಹೋಗಿ, ಆರ್ಡರ್ ಕ್ಯಾನ್ಸಲ್ ಮಾಡಿದ್ರ ಎಷ್ಟು ಹೊಳ್ಳಿ ಬರತೈತಿ ಅಂತ ಬರವಣಿಗ್ಯಾಗ ಕೇಳು, ಬಾಯಿ ಮಾತು ಬ್ಯಾಡ. ಕಾಗದದ ಫೋಟೋ ನಂಗ ಕಳಸು, ನಾ ರಾತ್ರಿ ಹನ್ನೊಂದರ ತನಕ ಎದ್ದಿರ್ತೀನಿ.

ನಿನ್ನ ಕಾಕಾ