ಮಂಗಳೂರನ್ನು ಜಗತ್ತಿಗೆ ತೋರಿಸುತ್ತಿದ್ದೀರಿ, ಬೆಳಗಾವಿಗೆ ಯಾವಾಗ ಮುಟ್ಟಿಸುತ್ತೀರಿ? ಕೈಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೈಗಾರಿಕಾ ಸಚಿವರೇ,

ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಫೌಂಡ್ರಿ ಇದೆ. ಪಂಪ್ ಕೇಸಿಂಗ್, ವಾಲ್ವ್ ಬಾಡಿ ಎರಕ ಹೊಯ್ಯುತ್ತೇವೆ. ಅದಕ್ಕೆ ಮಷಿನಿಂಗ್ ಮಾಡಿ ಸ್ವಲ್ಪ ಇಲ್ಲೇ ಮಾರುತ್ತೇವೆ, ಸ್ವಲ್ಪ ಯುರೋಪಿಗೆ ಕಳಿಸುತ್ತೇವೆ. ಈಗ ಹೇಳಲು ಹೊರಟಿದ್ದನ್ನೇ ಅರ್ಜಿಯಲ್ಲಿ ಬರೆದುಕೊಟ್ಟಿದ್ದೇನೆ, ಇಮೇಲ್ ಕಳಿಸಿದ್ದೇನೆ, ಸಭೆಗಳಲ್ಲಿ ಕೈ ಎತ್ತಿ ಕೇಳಿದ್ದೇನೆ. "ಪರಿಶೀಲಿಸುತ್ತೇವೆ" ಅನ್ನುವುದರ ಆಚೆಗೆ ಒಂದಕ್ಷರ ಉತ್ತರ ಬಂದಿಲ್ಲ. ಅದಕ್ಕೇ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಬೆಳಗಾವಿಯಿಂದ ಹುಬ್ಬಳ್ಳಿ ಮೇಲೆ ಮಂಗಳೂರಿನ ಪಣಂಬೂರು ಬಂದರಿಗೆ ವಾರಕ್ಕೊಂದು ಕಂಟೇನರ್ ರೈಲು ಓಡಿಸಿ. ದಿನ ಗೊತ್ತು ಮಾಡಿ. ಡಬ್ಬಿ ತುಂಬಿರಲಿ, ಅರ್ಧ ಖಾಲಿ ಇರಲಿ, ಆ ದಿನ ಅದು ಹೊರಡಬೇಕು.

ಮಂಗಳೂರನ್ನು ಹೂಡಿಕೆಯ ಊರು ಅಂತ ನಿಮ್ಮ ಸರ್ಕಾರ ಪ್ರಚಾರ ಮಾಡುತ್ತಿರುವುದು ನನಗೆ ನಿಜಕ್ಕೂ ಖುಷಿಯೇ. ಬೆಂಗಳೂರಿನಾಚೆಗೂ ಉದ್ಯಮ ಬೆಳೆಯಲಿ ಅನ್ನುವ ಕಾರ್ಯಕ್ರಮ ಸರಿಯಾದದ್ದು. ಮಂಗಳೂರಿಗೆ ಆ ಯೋಗ್ಯತೆಯೂ ಇದೆ. 1865ರಲ್ಲೇ ಬಾಸೆಲ್ ಮಿಷನ್‌ನವರು ಅಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರು. ಕೆನರಾ ಬ್ಯಾಂಕ್, ಕರ್ನಾಟಕ ಬ್ಯಾಂಕ್, ವಿಜಯಾ ಬ್ಯಾಂಕ್ ಹುಟ್ಟಿದ ಊರು ಅದು. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಇದೆ, ಬಜ್ಪೆಯಲ್ಲಿ ವಿಮಾನ ನಿಲ್ದಾಣ ಇದೆ, ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆ ಇದೆ, ವಿಶೇಷ ಆರ್ಥಿಕ ವಲಯ ಇದೆ. ಈಗ ಐಟಿಯವರನ್ನು ಕರೆಯಲು ಸಿಲಿಕಾನ್ ಬೀಚ್ ಅನ್ನುವ ಹೆಸರನ್ನೂ ಕೊಟ್ಟಿದ್ದೀರಿ. ಇರಲಿ, ಬರಲಿ. ಆದರೆ ಸಾಹೇಬರೇ, ಐಟಿ ಕಂಪನಿ ಮೈಸೂರಿಗೂ ಹೋಗುತ್ತದೆ, ಹುಬ್ಬಳ್ಳಿಗೂ ಬರುತ್ತದೆ. ಇಡೀ ಕರ್ನಾಟಕದಲ್ಲಿ ಮಂಗಳೂರಿಗೆ ಮಾತ್ರ ಇರುವುದು ಒಂದು ದೊಡ್ಡ ಬಂದರು. 1974ರಲ್ಲಿ ಅದನ್ನು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿಸಿದರು. ಅಲ್ಲಿಂದ ಇಲ್ಲಿವರೆಗೆ ರಾಜ್ಯಕ್ಕೆ ಅಂಥದ್ದು ಅದೊಂದೇ. ಬಂದರು ಬೆಳೆಯಬೇಕಾದರೆ ಒಳನಾಡಿನಿಂದ ಸರಕು ಬರಬೇಕು. ಆ ಸರಕು ಎಲ್ಲಿದೆ? ನಮ್ಮ ಹತ್ತಿರ ಇದೆ. ಬೆಳಗಾವಿಯ ಎರಕ, ಇಳಕಲ್‌ನ ಕೆಂಪು ಗ್ರಾನೈಟ್, ಬಾಗಲಕೋಟೆಯ ದಾಳಿಂಬೆ, ವಿಜಯಪುರದ ಒಣದ್ರಾಕ್ಷಿ. ಆದರೆ ಅದನ್ನು ಪಣಂಬೂರಿಗೆ ಒಯ್ಯಲು ನಂಬಿಕೆಯ ದಾರಿ ಇಲ್ಲ.

ಇದು ನನಗೆ ಗೊತ್ತಾಗಿದ್ದು ಹೇಗೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಓದಿ.

ಬೆಳಗಾವಿಯ ಫೌಂಡ್ರಿಗಳ ಮಾಲು ಸಾಮಾನ್ಯವಾಗಿ ಹೋಗುವುದು ಕೊಲ್ಹಾಪುರ, ಸಾತಾರಾ, ಪುಣೆ ದಾಟಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ. ನಮ್ಮಪ್ಪನ ಕಾಲದಿಂದಲೂ ಮುಂಬೈ ಕಡೆಯದೇ ರೂಢಿ. ಒಂದು ಹೂಡಿಕೆದಾರರ ಸಭೆಯಲ್ಲಿ ದೊಡ್ಡ ಪರದೆ ಮೇಲೆ ಮಂಗಳೂರು ತೋರಿಸಿ, ನಮ್ಮದೇ ರಾಜ್ಯದ ಬಂದರು, ನಮ್ಮ ರಫ್ತುದಾರರು ಇದನ್ನೇ ಬಳಸಬೇಕು ಅಂತ ಅಧಿಕಾರಿಗಳು ಮನಸ್ಸಿಗೆ ನಾಟುವ ಹಾಗೆ ಮಾತಾಡಿದರು. ಸರಿ ಅನ್ನಿಸಿತು. ನನ್ನ ಬಾಡಿಗೆ, ನನ್ನ ಲಾರಿಯವರ ದುಡಿಮೆ ನನ್ನ ರಾಜ್ಯದಲ್ಲೇ ಉಳಿಯಲಿ ಅಂದುಕೊಂಡೆ. 2024ರ ಜುಲೈನಲ್ಲಿ ಒಂದು ಕಂಟೇನರ್ ಪಣಂಬೂರಿನ ದಾರಿ ಹಿಡಿಯಿತು.

ಅದು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ ಮುಟ್ಟುವಾಗ ಶಿರೂರಿನಲ್ಲಿ ಗುಡ್ಡ ಜರಿದಿತ್ತು. ಜುಲೈ 16. ಆ ದುರಂತ ಇಡೀ ರಾಜ್ಯಕ್ಕೆ ಗೊತ್ತು. ಹೆದ್ದಾರಿ ಬದಿಯಲ್ಲಿ ಚಹಾ ಕುಡಿಯಲು ನಿಂತವರು, ಲಾರಿಯವರು, ನದಿಯಾಚೆಗಿನ ಮನೆಯವರು ಮಣ್ಣಿನಡಿ, ನೀರಿನಡಿ ಹೋದರು. ಗಂಗಾವಳಿಯಿಂದ ಒಂದು ಲಾರಿಯನ್ನು, ಅದರೊಳಗಿದ್ದ ಚಾಲಕನ ಸಮೇತ, ಮೇಲೆತ್ತಲು ಸೆಪ್ಟೆಂಬರ್ ಕೊನೆಯಾಯಿತು. ಅವರ ಮನೆಯವರ ದುಃಖದ ಮುಂದೆ ನನ್ನ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ನಮ್ಮ ಡ್ರೈವರ್ ಅಂಕೋಲಾದಿಂದ ಫೋನ್ ಮಾಡಿದ. "ಸಾಹೇಬ್ರ, ನಾ ಮುಂದ ಹೋಗಂಗಿಲ್ಲ. ನೀವು ಬೈದ್ರೂ ಅಡ್ಡಿಯಿಲ್ಲ" ಅಂದ. ಬೈಯಲಿಲ್ಲ. ನೀನು ಉಳಿದೆಯಲ್ಲಪ್ಪಾ, ಅಷ್ಟು ಸಾಕು ಅಂದೆ.

ಲಾರಿ ಮತ್ತೆ ಘಾಟ್ ಹತ್ತಿ ಹುಬ್ಬಳ್ಳಿಗೆ ಬಂತು. ಹಾವೇರಿ, ದಾವಣಗೆರೆ ಸುತ್ತಿ ಹಾಸನದ ಕಡೆ ಹೋಯಿತು, ಶಿರಾಡಿ ಘಾಟ್ ಇಳಿಯೋಣ ಅಂತ. ಸಕಲೇಶಪುರದ ಹತ್ತಿರ ದೊಡ್ಡತಪ್ಲು ಬಳಿ ಅಲ್ಲೂ ರಸ್ತೆ ಮೇಲೆ ಮಣ್ಣು ಬಿದ್ದಿತ್ತು. ಇವತ್ತು ಬಿಡುತ್ತೇವೆ ಅನ್ನುತ್ತಿದ್ದರು, ನಾಳೆ ಮುಚ್ಚುತ್ತಿದ್ದರು, ದೊಡ್ಡ ಗಾಡಿಗಳ ಸಾಲು ಬೆಳೆಯುತ್ತಲೇ ಇತ್ತು. ಅದೇ ತಿಂಗಳು 26ಕ್ಕೆ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿದು ರೈಲೂ ನಿಂತಿತು. ನೋಡಿ ಸಚಿವರೇ, ಒಂದೇ ತಿಂಗಳಲ್ಲಿ, ರಾಜ್ಯದ ಒಳನಾಡಿನಿಂದ ರಾಜ್ಯದ ಏಕೈಕ ದೊಡ್ಡ ಬಂದರಿಗೆ ಹೋಗುವ ಎರಡು ಹೆದ್ದಾರಿ, ಒಂದು ರೈಲು, ಮೂರಕ್ಕೂ ಪೆಟ್ಟು ಬಿತ್ತು.

ನನ್ನ ಮಾಲು ಹತ್ತಬೇಕಿದ್ದ ಹಡಗು ತಪ್ಪಿಹೋಯಿತು. ಸೀಲ್ ಮಾಡಿದ ಕಂಟೇನರ್ ಒಳಗೆ ತೇವ ಕೂತು, ಮಷಿನಿಂಗ್ ಮಾಡಿದ ಮೈಗೆ ತುಕ್ಕು ಹಿಡಿಯಿತು. ಯುರೋಪಿನ ಗಿರಾಕಿ, ನಮ್ಮ ಕಾರ್ಖಾನೆಯ ಲೈನ್ ನಿಂತಿದೆ, ವಿಮಾನದಲ್ಲಿ ಕಳಿಸಿ ಅಂದ. ಎರಕದ ತೂಕ ಗೊತ್ತಿದ್ದವರಿಗೆ ವಿಮಾನದ ಬಾಡಿಗೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಸ್ವಲ್ಪ ಮಾಲನ್ನು ಹಾಗೇ ಕಳಿಸಿದೆವು. ಆ ಆರ್ಡರಿನ ಲಾಭ ಅಲ್ಲೇ ಮುಗಿಯಿತು. ಮುಂದಿನ ವರ್ಷದ ಆರ್ಡರಿನಲ್ಲಿ ನಮ್ಮ ಪಾಲನ್ನು ಅವರು ಅರ್ಧ ಮಾಡಿದರು. ಆ ತಿಂಗಳು ಮೋಲ್ಡಿಂಗ್ ಹುಡುಗರ ಪಗಾರ ತಡವಾಯಿತು. ಗಣಪತಿ ಹಬ್ಬ ಹತ್ತಿರ ಇತ್ತು, ಅವರಿಗೆ ಮುಖ ತೋರಿಸುವುದೇ ನನಗೆ ಕಷ್ಟವಾಗಿತ್ತು.

ಇದಿಷ್ಟೇ ಆಗಿದ್ದರೆ ಮಳೆಯ ಹಣೆಬರಹ ಅಂತ ಸುಮ್ನೆ ಇರುತ್ತಿದ್ದೆ. ಉದ್ಯಮಿಗಳಿಗೆ ನೆರವು ಕೊಡಲೆಂದೇ ಇರುವ ಒಂದು ಸರ್ಕಾರಿ ಕಚೇರಿಗೆ ಫೋನ್ ಮಾಡಿದೆ. ಹೆಸರು ಬೇಡ. ಬದಲಿ ದಾರಿಗೆ ಏನಾದರೂ ಸಹಾಯ ಇದೆಯಾ, ಮಾಲನ್ನು ರೈಲಿಗೆ ಹಾಕಲು ಯಾರನ್ನು ಕೇಳಬೇಕು, ಇಷ್ಟೇ ನನ್ನ ಪ್ರಶ್ನೆ. ಆ ಕಡೆಯಿಂದ ಬಂದ ಉತ್ತರ: "ಬೆಳಗಾವಿಯವರು ಮಂಗಳೂರಿಗೆ ಯಾಕ್ರೀ ಕಳಿಸ್ತೀರಿ? ಎಲ್ಲರೂ ಮುಂಬೈಗೆ ಕಳಿಸ್ತಾರೆ, ನೀವೂ ಹಾಗೇ ಮಾಡಬೇಕಿತ್ತು."

ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ವೇದಿಕೆ ಮೇಲೆ ನಮ್ಮ ಬಂದರು, ನಮ್ಮ ಬಂದರು ಅಂತ ಹೇಳುವುದು ನಿಮ್ಮ ಇಲಾಖೆ. ಅದನ್ನು ನಂಬಿ ಹೋದವನಿಗೆ ನಿನ್ನನ್ನು ಅಲ್ಲಿಗೆ ಯಾರು ಕರೆದರು ಅಂತ ಕೇಳುವುದೂ ಸರ್ಕಾರವೇ. ಹಾಗಾದರೆ ಆ ಪ್ರಚಾರ ಯಾರಿಗೆ? ಸಿಂಗಾಪುರದವರಿಗೆ ಮಾತ್ರವಾ? ಐನೂರು ಕಿಲೋಮೀಟರ್ ಒಳಗಿರುವ ನಾವು ಕರ್ನಾಟಕದವರಲ್ಲವಾ?

ನಿಮಗೆ ನಿಯಮ ಗೊತ್ತು, ಬಂದರಿನ ವ್ಯವಹಾರವೂ ಗೊತ್ತು. ಆದರೂ ಹೇಳುತ್ತೇನೆ. ಮಂಗಳೂರಿಗೆ ದೊಡ್ಡ ಕಂಟೇನರ್ ಹಡಗು ಬರುವುದು ಕಡಿಮೆ, ಯಾಕಂದರೆ ಸರಕು ಸಾಲದು. ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ಬೇರೆ ಹಡಗು ಹತ್ತಬೇಕು, ಅದಕ್ಕೆ ಬಾಡಿಗೆಯೂ ಜಾಸ್ತಿ, ದಿನವೂ ಜಾಸ್ತಿ. ಬಾಡಿಗೆ ಜಾಸ್ತಿ ಅಂತ ನಮ್ಮಂಥವರು ಹೋಗುವುದಿಲ್ಲ. ನಾವು ಹೋಗುವುದಿಲ್ಲ ಅಂತ ಹಡಗು ಬರುವುದಿಲ್ಲ. ಇಲ್ಲಿ ಲೋಡ್ ಮಾಡಲು ಖಾಲಿ ಕಂಟೇನರ್ ಬೇಕಾದರೂ ದೂರದಿಂದ ತರಿಸಬೇಕು, ಅದರ ಖರ್ಚೂ ನಮ್ಮ ಮೇಲೆಯೇ. ನ್ಹಾವಾ ಶೇವಾ 2024–25ರಲ್ಲಿ ಇಪ್ಪತ್ತು ಅಡಿಯ ಲೆಕ್ಕದಲ್ಲಿ 70 ಲಕ್ಷಕ್ಕೂ ಹೆಚ್ಚು ಕಂಟೇನರ್ ಸಾಗಿಸಿದೆ. ಮಂಗಳೂರಿನದು ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಅಲ್ಲಿಂದ ಹೋಗುವ ಕಾಫಿ ಮತ್ತು ಗೋಡಂಬಿಯನ್ನೇ ನಂಬಿಕೊಂಡರೆ ಆ ಅಂತರ ಮುಗಿಯುವುದಿಲ್ಲ. ಯಾರಾದರೂ ಮೊದಲು ಕೈ ಹಾಕಬೇಕು. ಸಣ್ಣ ರಫ್ತುದಾರನಿಂದ ಅದು ಆಗುವುದಿಲ್ಲ. ಸರ್ಕಾರ ಹಾಕಬೇಕು. ವಾರಕ್ಕೊಂದು ರೈಲು ಓಡಿಸಿ, ಮುಂಬೈಗೂ ಮಂಗಳೂರಿಗೂ ಇರುವ ಬಾಡಿಗೆಯ ವ್ಯತ್ಯಾಸವನ್ನು ಮೂರು ವರ್ಷ ನೀವು ಭರಿಸಿ. ಸರಕು ಕೂಡಿದರೆ ಹಡಗು ತಾನಾಗಿ ಬರುತ್ತದೆ.

ಬಂದರು ಕೇಂದ್ರದ್ದು, ರೈಲು ಕೇಂದ್ರದ್ದು, ಹೆದ್ದಾರಿ ಕೇಂದ್ರದ್ದು ಅನ್ನುತ್ತೀರಿ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೂಲಸೌಕರ್ಯ ಖಾತೆಯೂ ನಿಮ್ಮ ಕೈಯಲ್ಲೇ ಇದೆ. ಎಷ್ಟೋ ಹೊಸ ರೈಲು ಮಾರ್ಗಗಳಿಗೆ ರಾಜ್ಯ ಜಮೀನು ಕೊಡುತ್ತದೆ, ಅರ್ಧ ಖರ್ಚು ಹಾಕುತ್ತದೆ. ಬೆಳಗಾವಿಯಿಂದ ಕಿತ್ತೂರಿನ ಮೇಲೆ ಧಾರವಾಡಕ್ಕೆ ಹೋಗುವ 73 ಕಿಲೋಮೀಟರ್ ಹೊಸ ಮಾರ್ಗ ಅದೇ ಒಪ್ಪಂದದ್ದು. ಅದು ಮುಗಿದರೆ ಲೋಂಡಾ ಸುತ್ತುವುದು ತಪ್ಪುತ್ತದೆ. ಹಾಗಿರುವಾಗ ಒಂದು ಸರಕು ರೈಲಿಗೆ ರೈಲ್ವೆಯವರ ಜೊತೆ ಕೂತು ಮಾತಾಡಲು ನಿಮಗೆ ಯಾವ ಅಧಿಕಾರ ಸಾಲದು?

ಹುಬ್ಬಳ್ಳಿ–ಅಂಕೋಲಾ ಮಾರ್ಗ ಆಗಲಿ, ಆಮೇಲೆ ನೋಡೋಣ ಅಂತಲೂ ಹೇಳಬೇಡಿ. ವಾಜಪೇಯಿಯವರ ಕಾಲದಿಂದ ಅದು ಕಾಡಿನ ಪ್ರಶ್ನೆಯಲ್ಲಿ ನಿಂತಿದೆ. ಶಿರೂರು ನೋಡಿದ ಮೇಲೆ ಪಶ್ಚಿಮಘಟ್ಟವನ್ನು ಇನ್ನಷ್ಟು ಕಡಿಯಿರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಹೊಸ ಹಳಿ ಕೇಳುತ್ತಿಲ್ಲ. ಇರುವ ಹಳಿ ಮೇಲೆ ಒಂದು ರೈಲು ಕೇಳುತ್ತಿದ್ದೇನೆ. ಹಾಸನ, ಸಕಲೇಶಪುರ, ಸುಬ್ರಹ್ಮಣ್ಯದ ಮೇಲೆ ಒಂದು ಮಾರ್ಗ ಇದೆ. ವಿಜಯಪುರದಿಂದ ಮಂಗಳೂರಿಗೆ ಜನರ ರೈಲು ಅದೇ ಹಳಿ ಮೇಲೆ ಓಡುತ್ತದೆ. ಲೋಂಡಾ, ಕ್ಯಾಸಲ್‌ರಾಕ್ ಇಳಿದು ಮಡಗಾಂವ್ ಮೇಲೆ ಕೊಂಕಣ ರೈಲ್ವೆ ಹಿಡಿದರೆ ಇನ್ನೊಂದು ಮಾರ್ಗ, ಅದು ಮುಗಿಯುವ ತೋಕೂರು ಪಣಂಬೂರಿನ ಮಗ್ಗುಲಲ್ಲೇ ಇದೆ. ಒಂದು ಕುಸಿದರೆ ಇನ್ನೊಂದರಲ್ಲಿ ಹೋಗಬಹುದು. ಎರಡೂ ಕಡಿದಾದ ಘಾಟ್, ಹೆಚ್ಚು ಎಂಜಿನ್ ಬೇಕು, ಗೊತ್ತು. ಗೋವಾದ ಬಂದರಿನಿಂದ ತೋರಣಗಲ್ಲಿನ ಉಕ್ಕು ಕಾರ್ಖಾನೆಗೆ ಕಲ್ಲಿದ್ದಲು ಇದೇ ಕ್ಯಾಸಲ್‌ರಾಕ್ ಘಾಟ್ ಹತ್ತಿ ಬರುತ್ತದೆ. ದೊಡ್ಡವರ ಕಲ್ಲಿದ್ದಲು ಹತ್ತಬಹುದಾದರೆ ಸಣ್ಣವರ ಎರಕ ಇಳಿಯಬಹುದು, ಅಲ್ವಾ?

ನಾನೊಬ್ಬನೇ ಅಲ್ಲ. ನಿಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನೇ ಕೇಳಿ, ಒಣದ್ರಾಕ್ಷಿ ಹೊತ್ತುಕೊಂಡು ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಗೆ ಎಷ್ಟು ಜನ ಹೋಗುತ್ತಾರೆ ಅಂತ. 2023ರ ಜೂನ್‌ನಲ್ಲಿ ವಿದ್ಯುತ್ ದರ ಏರಿದಾಗ ಬೆಳಗಾವಿಯ ಉದ್ಯಮಿಗಳು ಬೀದಿಗಿಳಿದಿದ್ದರು. ನಮ್ಮೂರಿನಿಂದ ಅರ್ಧ ಗಂಟೆಗೆ ಗಡಿಯಾಚೆ ಶಿನ್ನೋಳಿ ಇದೆ, ಬೆಳಗಾವಿಯವರದೇ ಎಷ್ಟೋ ಶೆಡ್‌ಗಳು ಅಲ್ಲಿ ಎದ್ದಿವೆ. ನಮ್ಮ ಮಾಲು ಮಹಾರಾಷ್ಟ್ರದ ಬಂದರಿಗೆ ಹೋಗುವುದೇ ಖಾಯಂ ಆದರೆ ಕಾರ್ಖಾನೆಯನ್ನು ಮಾತ್ರ ಇಲ್ಲಿ ಯಾಕೆ ಇಟ್ಟುಕೊಳ್ಳಬೇಕು ಅಂತ ನನ್ನ ಮಗನೇ ಕೇಳುತ್ತಾನೆ. ಅವನಿಗೆ ನಾನು ಉತ್ತರ ಕೊಡಬೇಕು.

2025ರ ಫೆಬ್ರವರಿಯ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂದಿದೆ ಅಂತ ನೀವೇ ಹೇಳಿದಿರಿ. ಹೊರಗಿನವರ ಭರವಸೆಗೆ ಅಷ್ಟು ಬೆಲೆ ಕೊಡುವಾಗ, ಇಲ್ಲೇ ಎರಡು ತಲೆಮಾರಿನಿಂದ ಫರ್ನೇಸ್ ಉರಿಸುತ್ತಾ, ಊರ ಹುಡುಗರಿಗೆ ಕೆಲಸ ಕೊಟ್ಟುಕೊಂಡು ಕೂತಿರುವವರಿಗೆ ಒಂದು ರೈಲು ಜಾಸ್ತಿಯಾಗುತ್ತದಾ? ನಮಗೆ ಸಬ್ಸಿಡಿಯ ಜಮೀನು ಬೇಡ, ವೇದಿಕೆಯ ಶಾಲು ಬೇಡ. ವಾರಕ್ಕೊಂದು ರೈಲು ಕೊಡಿ.

ಡಿಸೆಂಬರ್‌ನಲ್ಲಿ ಅಧಿವೇಶನಕ್ಕೆ ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. ಉದ್ಯಮಬಾಗ ಅಲ್ಲಿಂದ ದೂರವಿಲ್ಲ. ಒಂದು ಬೆಳಿಗ್ಗೆ ಬನ್ನಿ, ಬರುವಾಗ ರೈಲ್ವೆ ಮತ್ತು ಬಂದರಿನ ಅಧಿಕಾರಿಗಳನ್ನು ಜೊತೆಗೆ ಕರೆತನ್ನಿ. ರಫ್ತು ಮಾಡುವವರನ್ನೆಲ್ಲ ನಾನು ಕೂಡಿಸುತ್ತೇನೆ, ಯಾರ ಹತ್ತಿರ ತಿಂಗಳಿಗೆ ಎಷ್ಟು ಕಂಟೇನರ್ ಮಾಲಿದೆ ಅನ್ನುವುದನ್ನು ಬರೆಸಿಕೊಂಡು ನಿಮ್ಮ ಕೈಗೆ ಕೊಡುತ್ತೇನೆ. ಭಾಷಣ ಬೇಡ. ಪಣಂಬೂರಿನ ರೈಲು ವಾರದ ಯಾವ ದಿನ ಹೊರಡುತ್ತದೆ, ಮೊದಲ ರೈಲು ಯಾವ ತಾರೀಖಿಗೆ, ಇವೆರಡನ್ನು ಹೇಳಿ ಹೋಗಿ.

ಇಂತಿ,
ಉದ್ಯಮಬಾಗದ ಒಬ್ಬ ಸಣ್ಣ ಫೌಂಡ್ರಿ ಮಾಲೀಕ
ಬೆಳಗಾವಿ