ಆಟಗಳಿಗೆ ಹಾಕುವ ಬೀಗಕ್ಕೂ ಒಂದು ಗಡುವಿರಲಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಆಟಗಳ ಕಳ್ಳಪ್ರತಿಯ ಮಾತು ಬಂದಾಗಲೆಲ್ಲ ಕಂಪನಿಗಳಿಗಾದ ನಷ್ಟದ ಲೆಕ್ಕವೇ ಮುಂದೆ ಬರುತ್ತದೆ. ಆ ನಷ್ಟ ಸುಳ್ಳಲ್ಲ. ಆದರೆ ಅದನ್ನು ತಡೆಯಲು ಹಾಕಿದ ಬೀಗ, ಎಂದರೆ ನಕಲು ತಡೆಯುವ ವ್ಯವಸ್ಥೆ, ಯಾರಿಗೆ ಅಡ್ಡಿಯಾಗುತ್ತಿದೆ ಎಂದು ಕೇಳುವವರು ಕಡಿಮೆ. ಕದ್ದು ಆಡುವವನಿಗೆ ಸಿಗುವುದು ಬೀಗ ಕಳಚಿದ ಪ್ರತಿ. ಬೀಗ ಉಳಿದುಕೊಳ್ಳುವುದು ದುಡ್ಡು ಕೊಟ್ಟು ಕೊಂಡವನ ಕಂಪ್ಯೂಟರಿನಲ್ಲಿ ಮಾತ್ರ, ಅದೂ ಆಟ ಹಳತಾಗಿ ಮಾರಾಟ ನಿಂತ ಎಷ್ಟೋ ವರ್ಷಗಳ ನಂತರವೂ. ಬೀಗವೇ ಬೇಡ ಎನ್ನುವುದು ಈ ಪತ್ರದ ವಾದವಲ್ಲ. ಅದನ್ನು ತೆಗೆಯುವ ದಿನವೊಂದು ಇರಬೇಕು, ಆ ದಿನ ಯಾವುದೆಂದು ಕೊಳ್ಳುವ ಮೊದಲೇ ಗೊತ್ತಾಗಬೇಕು.

ಫ್ಲಾಪಿ ಮತ್ತು ಕ್ಯಾಸೆಟ್ ಕಾಲದ ತಡೆಗಳು ಕಿರಿಕಿರಿ ಕೊಟ್ಟರೂ ಕಂಪ್ಯೂಟರಿಗೆ ಕೈಹಾಕುತ್ತಿರಲಿಲ್ಲ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ ಪದವನ್ನು ಟೈಪ್ ಮಾಡಿ ಎಂದು ಆಟ ಕೇಳುತ್ತಿತ್ತು. ಕೆಲವು ಆಟಗಳ ಜೊತೆ ತಿರುಗಿಸಿ ಸಂಕೇತ ಓದುವ ರಟ್ಟಿನ ಚಕ್ರ ಬರುತ್ತಿತ್ತು. 1980ರ ದಶಕದ ಲೆನ್ಸ್‌ಲಾಕ್‌ನಲ್ಲಿ ಪರದೆಯ ಮೇಲೆ ಚೆದುರಿಸಿದ ಅಕ್ಷರಗಳನ್ನು ಪ್ಲಾಸ್ಟಿಕ್ ಮಸೂರ ಇಟ್ಟು ಓದಬೇಕಿತ್ತು, ಟಿ.ವಿ. ತೀರ ದೊಡ್ಡದೋ ಚಿಕ್ಕದೋ ಆಗಿದ್ದರೆ ಅಕ್ಷರ ಕೂಡಿಕೊಳ್ಳುತ್ತಲೇ ಇರಲಿಲ್ಲ. ‘ಎಲೈಟ್’ ಆಟದ ಕೆಲವು ಪೆಟ್ಟಿಗೆಗಳಲ್ಲಿ ತಪ್ಪು ಮಸೂರವೇ ಹೋಗಿತ್ತು. ಅವನ್ನು ಕೊಂಡವರಿಗೆ ಮೊದಲ ದಿನವೇ ಆಟ ಬಂದ್.

ನಿಜವಾದ ತೊಂದರೆ ಶುರುವಾದದ್ದು ಸಿ.ಡಿ., ಡಿ.ವಿ.ಡಿ.ಗಳ ಕಾಲದಲ್ಲಿ. ಸೇಫ್‌ಡಿಸ್ಕ್ ಎಂಬ ತಡೆ ತಟ್ಟೆಯ ಮೇಲೆ ಬೇಕೆಂದೇ ಓದಲಾಗದ ಸೆಕ್ಟರುಗಳನ್ನು (ದತ್ತಾಂಶದ ಸಣ್ಣ ತುಂಡುಗಳನ್ನು) ಇಡುತ್ತಿತ್ತು. ನಕಲು ಮಾಡುವ ಡ್ರೈವ್ ಅವನ್ನು ಹಾಗೆಯೇ ಬರೆಯಲಾರದು ಎಂಬುದು ಲೆಕ್ಕ. ಸೆಕ್ಯುರಾಮ್ ಎಂಬ ಇನ್ನೊಂದು ತಡೆಯು, ತಟ್ಟೆಯ ದತ್ತಾಂಶ ಎಲ್ಲೆಲ್ಲಿ ಕೂತಿದೆ ಎಂಬುದನ್ನು ಡ್ರೈವ್ ಓದುವ ಸಮಯದಿಂದ ಅಳೆಯುತ್ತಿತ್ತು. ಎರಡಕ್ಕೂ ತಟ್ಟೆ ಡ್ರೈವಿನಲ್ಲೇ ಇರಬೇಕು. ಆಡಲು ಬೇಕಾದ ಫೈಲುಗಳೆಲ್ಲ ಹಾರ್ಡ್ ಡಿಸ್ಕಿನಲ್ಲಿದ್ದರೂ ಪರೀಕ್ಷೆಗೆಂದೇ ತಟ್ಟೆ ಹಾಕಬೇಕು, ಹಾಕಿ ತೆಗೆದು ತಟ್ಟೆಗೆ ಗೀರು ಬೀಳುತ್ತದೆ, ಗೀರು ಬಿದ್ದ ಅಸಲಿ ತಟ್ಟೆಯನ್ನು ಆಟ ನಕಲಿ ಎಂದು ತಿರಸ್ಕರಿಸುತ್ತದೆ. ಮೇಲಾಗಿ ತಟ್ಟೆಯನ್ನು ಅನುಕರಿಸುವ ತಂತ್ರಾಂಶ ಕಂಪ್ಯೂಟರಿನಲ್ಲಿದ್ದರೆ ಸೆಕ್ಯುರಾಮ್ ಆಟವನ್ನು ತೆರೆಯಲು ಬಿಡುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಏನೇನು ನಡೆಯುತ್ತಿದೆ ಎಂದು ತೋರಿಸಲು ಮೈಕ್ರೋಸಾಫ್ಟ್ ತಾನೇ ಹಂಚುವ ಪ್ರೊಸೆಸ್ ಎಕ್ಸ್‌ಪ್ಲೋರರ್ ಚಾಲನೆಯಲ್ಲಿದ್ದರೂ ಅದೇ ಗತಿ.

ಸೇಫ್‌ಡಿಸ್ಕ್ ಕೆಲಸ ಮಾಡುತ್ತಿದ್ದುದು ವಿಂಡೋಸ್‌ನ ಒಳಪದರದಲ್ಲಿ ಕೂರುವ ‘ಸೆಕ್‌ಡಿಆರ್‌ವಿ’ (secdrv) ಎಂಬ ಡ್ರೈವರ್, ಎಂದರೆ ಯಂತ್ರಭಾಗಗಳೊಡನೆ ನೇರ ವ್ಯವಹರಿಸುವ ತಂತ್ರಾಂಶದ ಮೂಲಕ. ಅಂಥ ಜಾಗದಲ್ಲಿರುವ ಡ್ರೈವರಿನಲ್ಲಿ ದೋಷವಿದ್ದರೆ ಇಡೀ ಕಂಪ್ಯೂಟರೇ ಅಪಾಯಕ್ಕೆ ಸಿಲುಕುತ್ತದೆ. ಹಾಗೇ ಆಯಿತು. ಸಾಮಾನ್ಯ ಬಳಕೆದಾರನ ಖಾತೆಯಿಂದ ಪೂರ್ಣ ಅಧಿಕಾರ ಕಿತ್ತುಕೊಳ್ಳಬಹುದಾದ ರಂಧ್ರವನ್ನು 2007ರಲ್ಲಿ ಮುಚ್ಚಬೇಕಾಯಿತು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಈ ಡ್ರೈವರಿಗೆ ಜಾಗವೇ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್ ವಿಸ್ತಾ, 7, 8 ಮತ್ತು 8.1ರಲ್ಲೂ ಅದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿಯಿಂದ ತಂದ ನೂರಾರು ಅಸಲಿ ತಟ್ಟೆಗಳು ಒಂದೇ ಏಟಿಗೆ ನಿರುಪಯುಕ್ತವಾದವು. ಬೀಗ ಕಳಚಿದ ಪ್ರತಿಗಳು ಮಾತ್ರ ಮೊದಲಿನಂತೆ ನಡೆದವು.

ವಿಂಡೋಸ್ 7 ಅಥವಾ 8 ಇರುವ ಹಳೆಯ ಕಂಪ್ಯೂಟರಿನಲ್ಲಿ ಇಂಥ ಆಟ ಆಡಲೇಬೇಕೆಂದರೆ ಒಂದು ದಾರಿ ಇದೆ. ಮೊದಲು ನೆಟ್ ಸಂಪರ್ಕ ಕಿತ್ತುಹಾಕಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಸೇವೆಗಳನ್ನು ನಿಯಂತ್ರಿಸುವ ‘ಎಸ್‌ಸಿ’ (sc) ಆದೇಶದಿಂದ ಸೆಕ್‌ಡಿಆರ್‌ವಿಯ ಸ್ಟಾರ್ಟ್ ಬಗೆಯನ್ನು ‘ಡಿಮ್ಯಾಂಡ್’ (demand)ಗೆ ಬದಲಿಸಿ, ಬಳಿಕ ಅದನ್ನು ಸ್ಟಾರ್ಟ್ ಮಾಡಿ. ಆಟ ಮುಗಿದ ಕೂಡಲೇ ಅದೇ ಆದೇಶದಿಂದ ಸ್ಟಾಪ್ ಮಾಡಿ. ಅದನ್ನು ಸದಾ ಚಾಲೂ ಬಿಡುವುದು ರಂಧ್ರವನ್ನು ತೆರೆದಿಟ್ಟಂತೆಯೇ. ವಿಂಡೋಸ್ 10 ಮತ್ತು 11ರಲ್ಲಿ ಡ್ರೈವರ್ ಫೈಲನ್ನು ಬೇರೆ ಕಡೆಯಿಂದ ತಂದು ತುರುಕುವ ಸಲಹೆಗಳು ಸಿಗುತ್ತವೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಅದೇ ಆಟದ ಬೀಗವಿಲ್ಲದ ಆವೃತ್ತಿ ಗಾಗ್‌ನಂಥ (GOG) ಆನ್‌ಲೈನ್ ಮಳಿಗೆಯಲ್ಲಿದೆಯೇ, ಪ್ರಕಾಶಕರು ತಟ್ಟೆಯ ಪರೀಕ್ಷೆ ತೆಗೆದ ಪ್ಯಾಚ್ (ಆಟವನ್ನು ತಿದ್ದುವ ಫೈಲು) ಕೊಟ್ಟಿದ್ದಾರೆಯೇ ಎಂದು ನೋಡುವುದೇ ಕ್ಷೇಮ.

ತಟ್ಟೆಯ ನಂತರ ಆಕ್ಟಿವೇಶನ್ ಎಣಿಕೆ ಬಂತು, ಎಂದರೆ ಕೊಂಡ ಆಟವನ್ನು ನೆಟ್ ಮೂಲಕ ಎಷ್ಟು ಸಲ ಕಂಪ್ಯೂಟರಿಗೆ ನೋಂದಾಯಿಸಬಹುದು ಎಂಬ ಮಿತಿ. 2007ರ ‘ಬಯೋಶಾಕ್’ ಮೊದಲು ಎರಡೇ ಆಕ್ಟಿವೇಶನ್ ಕೊಟ್ಟಿತ್ತು, ಗಲಾಟೆ ಎದ್ದ ಮೇಲೆ ಅದನ್ನು ಐದಕ್ಕೆ ಏರಿಸಿದರು. 2008ರ ‘ಸ್ಪೋರ್’ಗೆ ಮೂರು. ಆ ಆಟದ ಕಳ್ಳಪ್ರತಿ ಅಧಿಕೃತ ಬಿಡುಗಡೆಗೂ ಮುಂಚೆ ಹರಡಿತ್ತು, ಎಂದರೆ ಬೀಗ ಒಂದು ದಿನವೂ ಕಾಯಲಿಲ್ಲ. ಮಿತಿ ಮಾತ್ರ ಕೊಂಡವರ ಪಾಲಿಗೆ ಉಳಿಯಿತು. ಈ ಎಣಿಕೆ ನಡೆಯುವ ಬಗೆ ಹೀಗೆ: ಆಟವು ಪ್ರೊಸೆಸರ್, ಮದರ್‌ಬೋರ್ಡ್, ನೆಟ್‌ವರ್ಕ್ ಕಾರ್ಡ್, ಕೆಲವೊಮ್ಮೆ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ ವಿವರ ಇವನ್ನೆಲ್ಲ ಕೂಡಿಸಿ ಒಂದು ಗುರುತು ಮಾಡಿಕೊಳ್ಳುತ್ತದೆ. ಗುರುತು ಬದಲಾದರೆ ಅದು ಹೊಸ ಕಂಪ್ಯೂಟರ್. 2012ರ ಆರಂಭದಲ್ಲಿ ‘ಆನೋ 2070’ ಆಟವನ್ನಿಟ್ಟುಕೊಂಡು ಗ್ರಾಫಿಕ್ಸ್ ಕಾರ್ಡುಗಳನ್ನು ಪರೀಕ್ಷಿಸಲು ಹೊರಟ ವಿಮರ್ಶಕರು ಕಾರ್ಡ್ ಬದಲಿಸಿದಂತೆಲ್ಲ ಒಂದೊಂದು ಆಕ್ಟಿವೇಶನ್ ಕಳೆದುಕೊಂಡು, ಕೊನೆಗೆ ಆಟದಿಂದಲೇ ಹೊರಬಿದ್ದರು. ಕಂಪ್ಯೂಟರ್ ಅದೇ, ಬದಲಾದದ್ದು ಒಂದು ಬಿಡಿಭಾಗ.

ಸರಿಯಾಗಿ ಅನ್‌ಇನ್‌ಸ್ಟಾಲ್ ಮಾಡಿದರೆ ಎಣಿಕೆ ಹಿಂತಿರುಗುವ ಏರ್ಪಾಡು ಕೆಲವು ಆಟಗಳಲ್ಲಿದೆ, ಕೆಲವಕ್ಕೆ ಪ್ರತ್ಯೇಕ ಸಾಧನ ಸಿಗುತ್ತದೆ. ಆದರೆ ಹಾರ್ಡ್ ಡಿಸ್ಕ್ ಹೇಳಿ ಕೇಳಿ ಸಾಯುವುದಿಲ್ಲ. ಡಿಸ್ಕ್ ಸತ್ತರೆ ಅದರೊಳಗಿದ್ದ ಆಕ್ಟಿವೇಶನ್ ಕೂಡ ಹೋಯಿತು, ಆಮೇಲೆ ಸಹಾಯವಾಣಿಗೆ ರಸೀದಿ ತೋರಿಸಿ ಬೇಡಬೇಕು. ಆದ್ದರಿಂದ ವಿಂಡೋಸ್ ಹೊಸದಾಗಿ ಹಾಕುವ ಮುನ್ನ, ಮದರ್‌ಬೋರ್ಡ್ ಬದಲಿಸುವ ಮುನ್ನ, ಕಂಪ್ಯೂಟರ್ ಮಾರುವ ಮುನ್ನ ನೆಟ್ ಚಾಲೂ ಇರುವಾಗಲೇ ಇಂಥ ಆಟಗಳನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಟದ ಕೀ (ನೋಂದಣಿ ಸಂಕೇತ) ಇರುವ ಚೀಟಿ ಮತ್ತು ರಸೀದಿಯ ಫೋಟೊ ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ.

ಇದಕ್ಕಿಂತಲೂ ಬಿಗಿಯಾದದ್ದು ಸದಾ ಆನ್‌ಲೈನ್ ಇರಬೇಕೆಂಬ ಷರತ್ತು. 2010ರಲ್ಲಿ ಯೂಬಿಸಾಫ್ಟ್ ಕಂಪನಿ ‘ಅಸ್ಯಾಸಿನ್ಸ್ ಕ್ರೀಡ್ 2’ಕ್ಕೆ ಇದನ್ನು ಹಾಕಿತು. ಒಬ್ಬನೇ ಆಡುವ ಆಟ. ಆದರೂ ನೆಟ್ ಒಂದು ಗಳಿಗೆ ಕಡಿದರೆ ಆಟ ನಿಲ್ಲುತ್ತಿತ್ತು, ಹಿಂದಿನ ಚೆಕ್‌ಪಾಯಿಂಟಿನಿಂದ ಮತ್ತೆ ಆಡಬೇಕಿತ್ತು. ಆ ಮಾರ್ಚಿನಲ್ಲಿ ಕಂಪನಿಯ ಸರ್ವರುಗಳ ಮೇಲೆ ದಾಳಿ ನಡೆದು ದುಡ್ಡು ಕೊಟ್ಟವರೇ ಆಡಲಾಗದೆ ಕೂತರು. 2012ರ ಫೆಬ್ರುವರಿಯಲ್ಲಿ ಕಂಪನಿ ಸರ್ವರುಗಳನ್ನು ಸ್ಥಳಾಂತರಿಸಿದಾಗ ಮತ್ತೆ ಕೆಲವು ಆಟಗಳು ನಿಂತವು. 2013ರ ಮಾರ್ಚಿನ ‘ಸಿಮ್‌ಸಿಟಿ’ ಬಿಡುಗಡೆಯಲ್ಲಿ ಸರ್ವರ್ ಭಾರ ತಾಳದೆ ಜನ ಸರದಿಯಲ್ಲಿ ಕಾದರು. ಆನ್‌ಲೈನ್ ಇಲ್ಲದೆ ಆ ಆಟ ನಡೆಯದು ಎಂಬ ಸಮರ್ಥನೆ ಆಗ ಬಂದಿತ್ತು. ಒಂದು ವರ್ಷದ ಬಳಿಕ, 2014ರ ಮಾರ್ಚಿನಲ್ಲಿ, ಒಂದು ಅಪ್‌ಡೇಟಿನಿಂದ ಅದೇ ಆಟ ಆಫ್‌ಲೈನ್ ನಡೆಯಿತು.

ಇಂದು ಹೆಚ್ಚು ಬಳಕೆಯಲ್ಲಿರುವುದು 2014ರ ‘ಫಿಫಾ 15’ ಆಟದೊಂದಿಗೆ ಬಂದ ಡೆನುವೊ ಎಂಬ ಬೀಗ. ಇದು ಡ್ರೈವರ್ ಹಾಕುವುದಿಲ್ಲ, ತಟ್ಟೆ ಕೇಳುವುದಿಲ್ಲ. ಆಟದ ಮುಖ್ಯ ಫೈಲಿನೊಳಗೇ ಹೆಣೆದುಕೊಂಡಿದ್ದು, ಮೊದಲ ಸಲ ತೆರೆದಾಗ ಸರ್ವರಿನಿಂದ ಆ ಕಂಪ್ಯೂಟರಿಗೆ ಮಾತ್ರ ಹೊಂದುವ ಟೋಕನ್ (ಅನುಮತಿಯ ಸಂಕೇತ) ತರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 24 ಗಂಟೆಗಳಲ್ಲಿ ಐದು ಬೇರೆ ಬೇರೆ ಕಂಪ್ಯೂಟರುಗಳಿಗೆ ಮಾತ್ರ ಟೋಕನ್. ಸಾಮಾನ್ಯರಿಗೆ ಐದು ಸಾಕು ಅನ್ನಿಸಬಹುದು. ಆದರೆ ಲಿನಕ್ಸ್‌ನಲ್ಲಿ ಅಥವಾ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರದಲ್ಲಿ ವಿಂಡೋಸ್ ಆಟಗಳನ್ನು ನಡೆಸುವ ಪ್ರೋಟಾನ್ ತಂತ್ರಾಂಶದ ಆವೃತ್ತಿ ಬದಲಿಸಿದರೆ ಅದನ್ನೂ ಬೇರೆ ಕಂಪ್ಯೂಟರ್ ಎಂದು ಎಣಿಸುವುದುಂಟು. ಆಟ ಸರಿಯಾಗಿ ನಡೆಯುತ್ತಿಲ್ಲವೆಂದು ನಾಲ್ಕಾರು ಆವೃತ್ತಿ ಪ್ರಯತ್ನಿಸಿದವರು ಒಂದು ದಿನ ಹೊರಗೆ. ಹಾಗಾಗಿ ಅಲ್ಲಿ ಪ್ರೋಟಾನ್ ಬದಲಿಸುವಾಗ ಒಂದೊಂದಾಗಿ, ನಿಧಾನವಾಗಿ ಬದಲಿಸಬೇಕು.

2021ರ ಕೊನೆಯಲ್ಲಿ ಎರಡು ಘಟನೆ ಒಟ್ಟಿಗೇ ಆದವು. ಇಂಟೆಲ್‌ನ 12ನೇ ಪೀಳಿಗೆಯ ಪ್ರೊಸೆಸರುಗಳಲ್ಲಿ ದೊಡ್ಡದು, ಸಣ್ಣದು ಎಂದು ಎರಡು ಬಗೆಯ ಕೋರುಗಳಿವೆ (ಲೆಕ್ಕ ಮಾಡುವ ಘಟಕಗಳು). ಆಟ ಒಂದು ಬಗೆಯ ಕೋರಿನಿಂದ ಇನ್ನೊಂದಕ್ಕೆ ಸರಿದಾಗ ಬೀಗವು ಅದನ್ನು ಬೇರೆ ಕಂಪ್ಯೂಟರ್ ಎಂದು ತಿಳಿದು ಆಟ ನಿಲ್ಲಿಸುತ್ತಿತ್ತು. ಹತ್ತಾರು ಆಟಗಳಿಗೆ ಈ ತೊಂದರೆಯಾಗಿ, ಪ್ಯಾಚ್ ಬರುವ ತನಕ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಹಳೆಯ ಆಟಗಳ ಹೊಂದಾಣಿಕೆಯ ಆಯ್ಕೆ ತೆರೆದು, ಸ್ಕ್ರೋಲ್ ಲಾಕ್ ಗುಂಡಿ ಒತ್ತಿ ಸಣ್ಣ ಕೋರುಗಳನ್ನು ಪಕ್ಕಕ್ಕಿಡಬೇಕಾಯಿತು. ಅದೇ ನವೆಂಬರಿನಲ್ಲಿ ಡೆನುವೊ ಬಳಸುತ್ತಿದ್ದ ಒಂದು ಡೊಮೈನ್ ಹೆಸರಿನ (ಜಾಲತಾಣದ ವಿಳಾಸದ) ನೋಂದಣಿ ಅವಧಿ ಮುಗಿದು, ಕೆಲವು ಆಟಗಳು ತೆರೆಯಲೇ ಇಲ್ಲ. ಅದೇ ವರ್ಷ ‘ರೆಸಿಡೆಂಟ್ ಈವಿಲ್ ವಿಲೇಜ್’ ಆಟ ಪಿ.ಸಿ.ಯಲ್ಲಿ ತಡವರಿಸುತ್ತಿದ್ದುದಕ್ಕೆ ನಕಲು ತಡೆಯೇ ಕಾರಣವೆಂದು ಗೊತ್ತಾಗಿ, ಜುಲೈಯಲ್ಲಿ ಪ್ಯಾಚ್ ಬಂತು. ತಡೆ ಕಳಚಿದ ಪ್ರತಿ ಅಸಲಿಗಿಂತ ನಯವಾಗಿ ನಡೆಯುತ್ತಿತ್ತು.

ಬೀಗ ಹಾಕಿದವರಿಗೇ ಅದು ಭಾರವಾದ ಪ್ರಸಂಗವೂ ಇದೆ. 2008ರಲ್ಲಿ ‘ರೇನ್‌ಬೋ ಸಿಕ್ಸ್ ವೇಗಸ್ 2’ ಆಟದ ಅಪ್‌ಡೇಟ್, ಡೌನ್‌ಲೋಡ್ ಮಾಡಿ ಕೊಂಡವರ ಪ್ರತಿಯಲ್ಲೂ ತಟ್ಟೆ ಹುಡುಕತೊಡಗಿತು. ಅದಕ್ಕೆ ಪ್ರಕಾಶಕರ ಕಡೆಯಿಂದ ಬಂದ ಪರಿಹಾರದ ಫೈಲನ್ನು ತೆರೆದು ನೋಡಿದವರಿಗೆ ಅದು ಬೀಗ ಮುರಿಯುವ ಗುಂಪೊಂದು ತಯಾರಿಸಿದ ಫೈಲೇ ಎಂದು ಕಂಡಿತು. ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಮಾರುತ್ತಿದ್ದ ‘ಮ್ಯಾಕ್ಸ್ ಪೇನ್ 2’ರಲ್ಲೂ ಇಂಥ ಇನ್ನೊಂದು ಗುಂಪಿನ ಗುರುತು 2010ರಲ್ಲಿ ಸಿಕ್ಕಿತು.

ಹಾಗಾದರೆ ಗಡುವು ಎಷ್ಟಿರಬೇಕು? ಆಟದ ಮಾರಾಟದ ದೊಡ್ಡ ಪಾಲು ಮೊದಲ ಕೆಲವು ವಾರಗಳಲ್ಲೇ ಆಗುತ್ತದೆ. ಡೆನುವೊ ಇದ್ದ ಆಟಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೀಗ ಮೊದಲ ವಾರದಲ್ಲೇ ಮುರಿದರೆ ಆದಾಯ ಸುಮಾರು ಶೇ 20ರಷ್ಟು ತಗ್ಗುತ್ತದೆ, 12 ವಾರಗಳ ನಂತರ ಮುರಿದರೆ ನಷ್ಟ ಬಹುತೇಕ ಇಲ್ಲ ಎಂದು ಹೇಳಿದೆ. ಇದು ಕಂಪನಿಗಳ ಪರವೂ ಹೌದು, ಕೊಳ್ಳುವವರ ಪರವೂ ಹೌದು. ಮೊದಲ ವಾರಗಳಲ್ಲಿ ಬೀಗಕ್ಕೆ ಕೆಲಸವಿದೆ. ಮೂರು ತಿಂಗಳಾದ ಮೇಲೆ ಅದನ್ನು ಇಟ್ಟುಕೊಳ್ಳಲು ಕಾರಣವಿಲ್ಲ. ತೆಗೆಯುವುದು ಅಸಾಧ್ಯವೂ ಅಲ್ಲ. ‘ಬಯೋಶಾಕ್’ನ ಆಕ್ಟಿವೇಶನ್ ಮಿತಿಯನ್ನು 2008ರಲ್ಲಿ ತೆಗೆದರು. 2011ರ ‘ವಿಚರ್ 2’ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಪ್ಯಾಚ್ ಕೊಟ್ಟು ಬೀಗ ಕಳಚಿತು. 2016ರ ಮೇನಲ್ಲಿ ಬಂದ ‘ಡೂಮ್’ನಿಂದ ಅದೇ ಡಿಸೆಂಬರಿನಲ್ಲಿ ಡೆನುವೊ ಹೋಯಿತು.

ತೆಗೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ದಿ ಕ್ರೂ’ ಸಾಕ್ಷಿ. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದ ಮೇಲೆ ಆ ಕಾರ್ ರೇಸಿನ ಆಟವನ್ನು ಒಬ್ಬರೇ ಕೂತು ಆಡಲೂ ಆಗದಂತಾಯಿತು. ಅಲ್ಲಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದಲ್ಲಿ, ದೃಢೀಕರಣದ ಸರ್ವರ್ ಮುಚ್ಚಿದ ಆಟಗಳ ಬೀಗವನ್ನು ಕೊಂಡವರು ಕಳಚಿಕೊಳ್ಳಲು 2015ರಿಂದ ಸೀಮಿತ ವಿನಾಯಿತಿ ಇದೆ. ಕೊಳ್ಳುವವರಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಮಾರುವಾಗಲೇ ಸ್ಪಷ್ಟವಾಗಿ ಹೇಳಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಶಾಶ್ವತವಾಗಿ ಡೌನ್‌ಲೋಡ್ ಮಾಡಿಟ್ಟು ಆಫ್‌ಲೈನ್ ಬಳಸಬಹುದಾದ ಪ್ರತಿಗಳಿಗೆ ಅದು ಅನ್ವಯಿಸದು. ಈ ಕಾನೂನು ಹೇಳುವುದು ಅರ್ಧ ಮಾತ್ರ. ಪರವಾನಗಿ ಎಷ್ಟು ದಿನ ನಡೆಯುತ್ತದೆ ಎಂಬುದೇ ಅಲ್ಲಿಲ್ಲ.

ಕಂಪನಿಗಳು ಬದಲಾಗುವವರೆಗೆ ಕೊಳ್ಳುವವರು ಮಾಡಬಹುದಾದದ್ದು ಇಷ್ಟು. ಸ್ಟೀಮ್‌ನಲ್ಲಿ ಆಟದ ಪುಟದ ಬಲಗಡೆಯ ಪಟ್ಟಿಯನ್ನು ಓದಿ; ಬೇರೆ ಕಂಪನಿಯ ಬೀಗ, ದಿನದ ಆಕ್ಟಿವೇಶನ್ ಮಿತಿ, ಇನ್ನೊಂದು ಖಾತೆಯ ಅಗತ್ಯ ಇವು ಅಲ್ಲಿರುತ್ತವೆ. ಕೊಂಡ 14 ದಿನಗಳೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸ್ ಕೇಳಬಹುದು. ಆದ್ದರಿಂದ ಮೊದಲ ಅರ್ಧ ಗಂಟೆಯಲ್ಲೇ ಪರೀಕ್ಷೆ ಮುಗಿಸಿ: ಆಟ ಪೂರ್ತಿ ಅಪ್‌ಡೇಟ್ ಆಗಲಿ, ನೆಟ್ ಇರುವಾಗ ಒಮ್ಮೆ ತೆರೆದು ಮುಚ್ಚಿ, ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿ, ನೆಟ್ ಕಿತ್ತು ಮತ್ತೆ ತೆರೆಯಿರಿ. ಮೊದಲ ಸಲವೇ ನೆಟ್ ಇಲ್ಲದೆ ತೆರೆದರೆ ಟೋಕನ್ ಸಿಗದೆ ಸೋಲುವುದು ಸಹಜ, ಅದನ್ನು ದೋಷ ಎನ್ನಲಾಗದು. ಪ್ರಯಾಣಕ್ಕೆ ಹೊರಡುವ ಮುನ್ನವೂ ಹೀಗೇ ಮಾಡಿ, ಏಕೆಂದರೆ ಹಿಂದಿನ ರಾತ್ರಿ ಬಂದ ಅಪ್‌ಡೇಟ್ ಹೊಸ ಟೋಕನ್ ಕೇಳಬಹುದು. ಗಾಗ್‌ನಲ್ಲಿ ಕೊಂಡರೆ ಆಫ್‌ಲೈನ್ ಇನ್‌ಸ್ಟಾಲರ್ ಫೈಲುಗಳನ್ನೇ ಇಳಿಸಿ ಎರಡು ಬೇರೆ ಡ್ರೈವುಗಳಲ್ಲಿಡಿ. ಕೊಂಡದ್ದು ಖಾತೆಯಲ್ಲಿದೆ ಎಂಬ ನೆಮ್ಮದಿ ಸಾಲದು.

ಪತ್ರಿಕೆಗಳಿಂದಲೂ ಒಂದು ಉಪಕಾರ ಆಗಬೇಕಿದೆ. ಹೊಸ ಆಟದ ಪರಿಚಯ ಅಚ್ಚಾಗುವಾಗ ಅದರ ಚಿತ್ರ, ಕಥೆ, ಬೆಲೆಯ ಜೊತೆಗೆ ಯಾವ ಬೀಗವಿದೆ, ಎಷ್ಟು ಕಂಪ್ಯೂಟರಿಗೆ ಮಿತಿ, ನೆಟ್ ಯಾವಾಗ ಬೇಕು, ಬೀಗ ತೆಗೆಯುವ ದಿನವನ್ನು ಪ್ರಕಾಶಕರು ಹೇಳಿದ್ದಾರೆಯೇ ಎಂಬ ನಾಲ್ಕು ವಿವರ ಕೊನೆಯಲ್ಲಿ ಇರಲಿ. ಉತ್ತರ ಸಿಗದಿದ್ದರೆ ‘ತಿಳಿಸಿಲ್ಲ’ ಎಂದೇ ಅಚ್ಚು ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ