ವಸತಿ ಕಟ್ಟಡಗಳ ನಕ್ಷೆ ಪರಿಶೀಲಿಸುವ ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಅಪಾರ್ಟ್‌ಮೆಂಟ್ ಹಾಗೂ ಮಧ್ಯಮ ಸಾಂದ್ರತೆಯ ವಸತಿಗಳ, ಎಂದರೆ ಸಾಲುಮನೆ ಮತ್ತು ಮೂರ್ನಾಲ್ಕು ಅಂತಸ್ತಿನ ಕಟ್ಟಡಗಳ, ನಕ್ಷೆಗೆ ಅಭಿಪ್ರಾಯ ಬರೆಯುವಾಗ ಹೊರಮುಖದ ಅಂದಕ್ಕಿಂತ ಮೊದಲು ಬೆಳಕು, ಗಾಳಿ ಮತ್ತು ಕಟ್ಟಡಗಳ ನಡುವಿನ ಅಂತರವನ್ನು ನೋಡಬೇಕೆಂದು ವಿನಂತಿ.

ಹೋಲಿಕೆಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ 2015ರ ಮಾರ್ಗಸೂಚಿಯನ್ನು ಇಟ್ಟುಕೊಳ್ಳಬಹುದು. ಅದರ ಪ್ರಕಾರ ಸಿಡ್ನಿ ಮಹಾನಗರದಲ್ಲಿ ಕಟ್ಟಡವೊಂದರ ಕನಿಷ್ಠ ಶೇ. 70ರಷ್ಟು ಮನೆಗಳ ಹಜಾರಕ್ಕೂ ಬಾಲ್ಕನಿಗೂ ನಡುಚಳಿಗಾಲದಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರೊಳಗೆ 2 ಗಂಟೆ ನೇರ ಬಿಸಿಲು ಸಿಗಬೇಕು. ಮೊದಲ 9 ಅಂತಸ್ತುಗಳ ಶೇ. 60ರಷ್ಟು ಮನೆಗಳಲ್ಲಿ ಗಾಳಿ ಒಂದು ಕಡೆಯಿಂದ ಬಂದು ಮತ್ತೊಂದು ಕಡೆಯಿಂದ ಹೊರಹೋಗಬೇಕು. ಮುಖ್ಯ ಕೋಣೆಗಳ ಎತ್ತರ ಕನಿಷ್ಠ 2.7 ಮೀಟರ್ ಇರಬೇಕು. ಬಿಸಿಲಿನ ಅಂಕಿಯನ್ನು ಮಾತ್ರ ಎಲ್ಲೆಡೆಗೂ ಹಾಗೆಯೇ ಎತ್ತಿಕೊಳ್ಳಲಾಗದು. ಸೆಕೆಯ ಪ್ರದೇಶದಲ್ಲಿ ಅದೇ ಕಿಟಕಿಗೆ ನೆರಳು ಬೇಕಾಗುತ್ತದೆ.

ನೆಲಮಾಳಿಗೆಯ ಪಾರ್ಕಿಂಗ್ ನಕ್ಷೆಯನ್ನು ತಪ್ಪದೆ ತೆರೆದು ನೋಡಿ. ಅದು ನಿವೇಶನದ ಅಂಚಿನವರೆಗೂ ಹಬ್ಬಿದ್ದರೆ, ಮೇಲೆ ಹಸಿರು ಬಣ್ಣ ಬಳಿದು ತೋರಿಸಿದ ಜಾಗದಲ್ಲಿ ಹುಲ್ಲು ಬೆಳೆದೀತೇ ಹೊರತು ದೊಡ್ಡ ಮರ ಬೇರೂರದು. ಹಾಗೆಯೇ ಮಲಗುವ ಕೋಣೆಯಲ್ಲಿ ಬಿಡಿಸಿದ ಮಂಚವನ್ನು ಅಳತೆಪಟ್ಟಿಯಿಂದ ಅಳೆಯಿರಿ. ಮಂಚವನ್ನು ಕಿರಿದಾಗಿಸಿ ಕೋಣೆಯನ್ನು ಹಿಗ್ಗಿಸಿ ತೋರಿಸುವ ಜಾಣತನ ಅಪರೂಪವೇನಲ್ಲ.

ಎದುರುಬದುರಾದ ಕಿಟಕಿಗಳು, ಲಿಫ್ಟ್ ಗೋಡೆಗೆ ತಾಗಿದ ಮಲಗುವ ಕೋಣೆ, ಕಿಟಕಿಯಿಲ್ಲದ ಕಾರಿಡಾರ್ ಇವುಗಳನ್ನೂ ಗುರುತಿಸಿ, ಪ್ರತಿ ಆಕ್ಷೇಪದ ಜೊತೆ ನಕ್ಷೆಯ ಹಾಳೆಯ ಸಂಖ್ಯೆಯನ್ನು ನಮೂದಿಸಿ ಗುಂಪಿನಲ್ಲೇ ಕಳುಹಿಸಬೇಕಾಗಿ ಕೋರಿಕೆ.